‘ತಕಿಗಿ ನೋ’: ದೊಂದಿ ಬೆಳಕಿನ ಬಯಲಾಟ ಎನ್ನಬಹುದೇ?

ಪ್ರಶ್ನೆ: ‘ನೋ’ ಜಪಾನಿನ ಹಳೆಯ ಮುಖವಾಡ ನಾಟಕ. ಅಲ್ಲಿನ ಕ್ಯೋತೋ ನಗರದ ಹೇಆನ್ ದೇಗುಲದ ಅಂಗಳದಲ್ಲಿ ಜೂನ್ ಆರಂಭದಲ್ಲಿ ನಡೆಯುವ ‘ತಕಿಗಿ ನೋ’ ನೋಡಲು ಹೋಗುವವರಿಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ದೊಂದಿ ಬೆಳಕಿನ ನೋಹ್ ಬಯಲಾಟ’ ಎಂದಿದೆ. ಒಪ್ಪಬಹುದೇ? ಮುಖವಾಡದ ಚಲನೆಗೆ ಹೇಳುವ ‘ತೆರಸು’, ‘ಕುಮೊರಸು’ಗಳಿಗೆ ಕನ್ನಡದಲ್ಲಿ ಏನನ್ನೋಣ?

ಉತ್ತರ 1: ಮೊದಲು ‘ನೋಹ್’ನ ಹಕಾರ ತೆಗೆಯಿರಿ. ರೋಮನ್ ಲಿಪಿಯಲ್ಲಿ ಅದು ಸ್ವರದ ದೀರ್ಘವನ್ನು ತೋರಿಸಲು ಬಂದದ್ದು. ನಮ್ಮಲ್ಲಿ ದೀರ್ಘವೇ ಇದೆಯಲ್ಲ, ‘ನೋ’ ಸಾಕು.

ತಕಿಗಿ ಅಂದರೆ ಸೌದೆ. ತಕು ಎಂದರೆ ಉರಿಸು, ಕಿ ಎಂದರೆ ಮರ. ಸೇರುವಾಗ ಕಕಾರ ಗಕಾರವಾಗುತ್ತದೆ, ನಮ್ಮ ಮಳೆ+ಕಾಲ ‘ಮಳೆಗಾಲ’ ಆದ ಹಾಗೇ. ಹೆಸರಿನ ಬೇರು ನಾರಾದ ಕೋಫುಕುಜಿ ದೇಗುಲದ ಶುನಿಎ ಪೂಜೆಗೆ ತರುತ್ತಿದ್ದ ಸೌದೆಯಲ್ಲಿದೆ, ರಂಗದ ಬೆಳಕಿನಲ್ಲಲ್ಲ.

ದೊಂದಿ ಇಲ್ಲಿ ಹೊಂದುವುದಿಲ್ಲ. ದೊಂದಿಗೆ ಕೋಲು, ಬಟ್ಟೆ, ಎಣ್ಣೆ ಬೇಕು. ಇಲ್ಲಿ ಉರಿಯುವುದು ಕಾಲುಗಳ ಮೇಲೆ ಕೂತ ಕಬ್ಬಿಣದ ಬುಟ್ಟಿಯೊಳಗಿನ ಪೈನ್ ಸೌದೆ; ಆ ಬೆಂಕಿಗೆ ‘ಕಗಾರಿಬಿ’ ಎನ್ನುತ್ತಾರೆ. ಬುಟ್ಟಿಗೆ ಕಿಚ್ಚು ಹಚ್ಚಲು ತರುವ ‘ತೈಮತ್ಸು’ವನ್ನು ಮಾತ್ರ ಪಂಜು ಎನ್ನಬಹುದು. ‘ಬಯಲಾಟ’ವೂ ಬೇಡ. ಅದನ್ನು ಓದಿದ ಕೂಡಲೇ ನಮ್ಮವರ ಕಿವಿಯಲ್ಲಿ ಚೆಂಡೆ ಬಾರಿಸುತ್ತದೆ. ಮೊದಲ ಸಲ ‘ತಕಿಗಿ ನೋ, ಅಂದರೆ ಸೌದೆಯುರಿಯ ಬೆಳಕಿನ ನೋ ನಾಟಕ’ ಎಂದು ಬರೆದು, ಆಮೇಲೆ ತಕಿಗಿ ನೋ ಎಂದೇ ಮುಂದುವರಿಸಿ.

ಉತ್ತರ 2: ಮುಖವಾಡವನ್ನು ತುಸು ಮೇಲಕ್ಕೆ ಓರೆ ಮಾಡಿದರೆ ತೆರಸು: ಬೆಳಕು ಕೆನ್ನೆಗೆ ಬಿದ್ದು ನಕ್ಕಂತೆ ಕಾಣುತ್ತದೆ. ತುಸು ಕೆಳಕ್ಕೆ ತಂದರೆ ಕುಮೊರಸು: ಹುಬ್ಬಿನ ನೆರಳು ಇಳಿದು ಮುಖ ಕಳೆಗುಂದುತ್ತದೆ. ಮೊದಲನೆಯದು ‘ಬೆಳಗಿಸು’. ಎರಡನೆಯದರಲ್ಲಿ ಕುಮೊ, ಅಂದರೆ ಮೋಡ, ಇರುವುದರಿಂದ ‘ಮೋಡ ಕವಿಸು’ ಎನ್ನಿ. ‘ತಲೆ ತಗ್ಗಿಸು’ ಎಂದರೆ ನಾಚಿಕೆಯ ಅರ್ಥ ನುಸುಳುತ್ತದೆ, ಚಲನೆಯೂ ಹಿಗ್ಗುತ್ತದೆ. ಇಲ್ಲಿ ಗದ್ದ ಇಳಿಯುವುದು ಒಂದಿಷ್ಟೇ. ಸೌದೆಯುರಿ ಅಲುಗುವಾಗ ನಟ ಕದಲದಿದ್ದರೂ ಮುಖವಾಡದ ನೆರಳು ಕದಲುತ್ತದೆ, ಅದನ್ನೂ ಕೈಪಿಡಿಯಲ್ಲಿ ಹೇಳಿ.

ಆಸನದ ಹೆಸರುಗಳಲ್ಲಿ ‘ಶೋಮೆನ್’ ಎದುರು ಬದಿ, ‘ವಾಕಿ-ಶೋಮೆನ್’ ಪಕ್ಕದ ಬದಿ. ಇವೆರಡರ ನಡುವಿನ ಮೂಲೆ ‘ನಾಕಾ-ಶೋಮೆನ್’. ಆ ಮೂಲೆಯಲ್ಲಿ ಕೂತರೆ ಕಂಬ ಅಡ್ಡ ಬರುತ್ತದೆ. ಮುಖವಾಡದ ಸಣ್ಣ ಕಣ್ಣುತೂತಿನಿಂದ ನಟ ತನ್ನ ಜಾಗ ಗುರುತಿಸುವುದು ಅದೇ ಕಂಬದಿಂದ. ಹಾಗಾಗಿ ‘ಮೆತ್ಸುಕೆ-ಬಶಿರಾ’ವನ್ನು ‘ಗುರುತಿನ ಕಂಬ’ ಎಂದರೆ ಚೆನ್ನ.

ಉತ್ತರ 3: ಇನ್ನೊಂದು ತಿದ್ದುಪಡಿ, ನೋ ನಾಟಕದಲ್ಲಿ ಕೈಯಿಂದ ಬಾರಿಸುವ ಎರಡು ಡೋಲುಗಳ ಬಗ್ಗೆ. ‘ಎರಡೂ ಡೋಲುಗಳನ್ನು ಕಾಯಿಸುತ್ತಾರೆ’ ಎಂದು ಬರೆದುಬಿಡಬೇಡಿ. ಕೆಂಡದ ಮೇಲೆ ಕಾಯಿಸಿ ಒಣಗಿಸುವುದು ತೊಡೆಯ ಮೇಲಿಟ್ಟು ಬಾರಿಸುವ ಓತ್ಸುಜುಮಿಯ ಚರ್ಮವನ್ನು ಮಾತ್ರ. ಬಯಲಿನ ತೇವಕ್ಕೆ ಅದರ ಗಡುಸು ದನಿ ಬೇಗ ಮಂಕಾಗುತ್ತದೆ. ಭುಜದ ಮೇಲಿಡುವ ಕೊತ್ಸುಜುಮಿಗೆ ತೇವವೇ ಬೇಕು: ಚರ್ಮಕ್ಕೆ ಉಸಿರು ಊದುತ್ತಾರೆ, ಒದ್ದೆ ಮಾಡಿದ ಕಾಗದದ ಚೂರನ್ನು ಹಿಂಬದಿಗೆ ಅಂಟಿಸುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ ಬೇಕಿದ್ದರೆ ‘ಹದ ಮಾಡು’ ಇದೆ.