ಎಸ್‌ಡಿಎಸ್ ಹಾಕಿದರೆ ತಾಮ್ರ-ಗ್ಲೈಸಿನ್ ಬಂಧ ಸಡಿಲ ಆಗುತ್ತಿದೆ, ಯಾಕೆ?

ಎಂಎಸ್ಸಿ_ಮಲ್ಲೇಶ್ವರಂ
ನಮಸ್ಕಾರ. ಬೆಂಗಳೂರಲ್ಲಿ ಎಂಎಸ್ಸಿ ಕೊನೇ ಸೆಮಿಸ್ಟರ್ ಓದುತ್ತಿದ್ದೇನೆ. ತಾಮ್ರದ ಅಯಾನು ಗ್ಲೈಸಿನ್ ಅನ್ನೋ ಅಮೈನೋ ಆಸಿಡ್ ಜೊತೆ ಎಷ್ಟು ಗಟ್ಟಿಯಾಗಿ ಕೂಡುತ್ತದೆ ಅಂತ ಪಿಎಚ್ ಟೈಟ್ರೇಶನ್‌ನಲ್ಲಿ (ಕ್ಷಾರ ಸ್ವಲ್ಪ ಸ್ವಲ್ಪವೇ ಹಾಕುತ್ತ ಪಿಎಚ್ ಅಳೆದು) ನೋಡುವುದು ನನ್ನ ಪ್ರಾಜೆಕ್ಟ್. ಬರೀ ನೀರಲ್ಲಿ ಮೊದಲ ಹಂತದ ಲಾಗ್ ಕೆ (ಬಂಧ ಎಷ್ಟು ಗಟ್ಟಿ ಅನ್ನೋ ಅಳತೆ) 8.2ರ ಆಸುಪಾಸು ಬರುತ್ತದೆ, ಪುಸ್ತಕದಲ್ಲೂ ಹಾಗೇ ಇದೆ. ಎಸ್‌ಡಿಎಸ್ ಅನ್ನೋ ಸೋಪಿನಂಥ ರಾಸಾಯನಿಕ ಸೇರಿಸಿದರೆ ಇಳಿಯುತ್ತದೆ. ಅದರ ಅಣುಗಳು ಗುಂಪುಗೂಡಿ ಆಗುವ ಮೈಸೆಲ್ ಮೇಲೆ ಋಣ ಚಾರ್ಜ್, ತಾಮ್ರದ್ದು ಧನ ಚಾರ್ಜ್, ಅಂದಮೇಲೆ ಏರಬೇಕಲ್ವಾ? ಇನ್ನೊಂದು ತಲೆನೋವು, ಪಿಎಚ್ ಮೀಟರ್ ಒಂದು ಕಡೆ ನಿಲ್ಲುವುದೇ ಇಲ್ಲ.

ಹಳೇ_ಬ್ಯೂರೆಟ್
ತಾಮ್ರ ಮೈಸೆಲ್ ಹತ್ತಿರ ಹೋಗುತ್ತದೆ, ಸರಿ. ಗ್ಲೈಸಿನ್ ಹೋಗುತ್ತದಾ? ತಾಮ್ರವನ್ನು ಹಿಡಿಯುವುದು ಪ್ರೋಟಾನ್ ಕಳೆದುಕೊಂಡ ಗ್ಲೈಸಿನೇಟ್, ಅದಕ್ಕೂ ಋಣ ಚಾರ್ಜೇ. ಮೈಸೆಲ್ ಅದನ್ನು ದೂರ ತಳ್ಳುತ್ತದೆ, ಜೊತೆಗೆ ಗ್ಲೈಸಿನ್‌ಗೆ ಎಣ್ಣೆ ಕಡೆ ವಾಲುವ ಬಾಲವೂ ಇಲ್ಲ, ಹಾಗಾಗಿ ಅದು ನೀರಲ್ಲೇ ಉಳಿಯುತ್ತದೆ. ಒಬ್ಬರು ಮೆಜೆಸ್ಟಿಕ್‌ನಲ್ಲಿ, ಇನ್ನೊಬ್ಬರು ವೈಟ್‌ಫೀಲ್ಡ್‌ನಲ್ಲಿ ಇದ್ದ ಹಾಗೆ. ನೀವು ಅಳೆಯುವುದು ಒಟ್ಟು ದ್ರಾವಣದ ಸರಾಸರಿ, ಅದು ಇಳಿದೇ ಇಳಿಯುತ್ತದೆ.

ಇಬ್ಬರೂ ಮೈಸೆಲ್ ಮೇಲೇ ಸೇರಿದರೆ ಕಥೆ ಉಲ್ಟಾ. ಪಾಡಾ ಅನ್ನೋ ಬಣ್ಣ ನೀರಿಗಿಂತ ಮೈಸೆಲ್ಲನ್ನೇ ಇಷ್ಟಪಡುತ್ತದೆ, ಅದಕ್ಕೇ ಎಸ್‌ಡಿಎಸ್ ಇದ್ದಾಗ ನಿಕ್ಕಲ್ ಅದರ ಜೊತೆ ಬಹಳ ವೇಗವಾಗಿ ಕೂಡುತ್ತದೆ. ಅಮೈನೋ ಆಸಿಡ್‌ಗಳಲ್ಲಿ ಫಿನೈಲ್ ಅಲನಿನ್, ಟ್ರಿಪ್ಟೊಫಾನ್ ಸ್ವಲ್ಪ ಆ ಕಡೆಯವು.

ಒಂದು ಮುಖ್ಯ ವಿಷಯ. ಗ್ಲೈಸಿನ್‌ನ ಎರಡನೇ ಪಿಕೆಎ (ಅದು ಎರಡನೇ ಪ್ರೋಟಾನ್ ಬಿಡುವ ಪಿಎಚ್ ಮಟ್ಟ) ನೀರಲ್ಲಿ 9.6ರಷ್ಟು, ಆದರೆ ಎಸ್‌ಡಿಎಸ್‌ನಲ್ಲೂ ಅದೇ ಇರುತ್ತದೆ ಅಂತ ಸುಮ್ನೆ ಹಾಕಿಕೊಳ್ಳಬೇಡಿ. ತಾಮ್ರ ಇಲ್ಲದೆ, ಅದೇ ಎಸ್‌ಡಿಎಸ್, ಅದೇ ಉಪ್ಪು ಇಟ್ಟು ಗ್ಲೈಸಿನ್ನನ್ನು ಮೊದಲು ಟೈಟ್ರೇಟ್ ಮಾಡಿ. ಇಲ್ಲದಿದ್ದರೆ ಪಿಕೆಎ ಸರಿದದ್ದೆಲ್ಲ ಲಾಗ್ ಕೆ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಲ್ಯಾಬ್_ಅಕ್ಕ
ಮೀಟರ್ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಎಲೆಕ್ಟ್ರೋಡ್ ಒಳಗೆ 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ ಇದೆ ಅಲ್ವಾ? ಪೊಟ್ಯಾಶಿಯಂ ಹೊರಗೆ ಸೋರಿ ಎಸ್‌ಡಿಎಸ್ ಜೊತೆ ಸೇರಿದರೆ ರೂಮ್ ಟೆಂಪರೇಚರ್‌ನಲ್ಲಿ ಕರಗದ ಬಿಳಿ ಗಸಿ ಆಗುತ್ತದೆ, ಅದು ಜಂಕ್ಷನ್ನಿನಲ್ಲೇ, ಅಂದರೆ ಒಳಗಿನ ದ್ರವ ಹೊರಗಿನ ದ್ರಾವಣವನ್ನು ಮುಟ್ಟುವ ಜಾಗದಲ್ಲೇ, ಕಟ್ಟಿಕೊಳ್ಳುತ್ತದೆ. ಡಬಲ್ ಜಂಕ್ಷನ್ ಎಲೆಕ್ಟ್ರೋಡ್ ತಗೊಂಡು ಹೊರಗಿನ ಭಾಗಕ್ಕೆ ಸೋಡಿಯಂ ಕ್ಲೋರೈಡ್ ತುಂಬಿ. ಕ್ಷಾರವೂ ಸೋಡಿಯಂ ಹೈಡ್ರಾಕ್ಸೈಡೇ ಇರಲಿ. ಪೊಟ್ಯಾಶಿಯಂ ನೈಟ್ರೇಟ್ ಹಾಕಿ ಅಯಾನಿಕ್ ಸ್ಟ್ರೆಂತ್ (ದ್ರಾವಣದ ಒಟ್ಟು ಅಯಾನು ಮಟ್ಟ) ಸರಿ ಮಾಡಿದ್ದರೆ ಮೊದಲು ಅದನ್ನು ಬಿಡಿ.

ಎಂಎಸ್ಸಿ_ಮಲ್ಲೇಶ್ವರಂ
ಅಕ್ಕಾ, ಪೊಟ್ಯಾಶಿಯಂ ನೈಟ್ರೇಟೇ ಹಾಕ್ತಿರೋದು! ಫ್ಲಾಸ್ಕ್ ಯಾಕೆ ಮಬ್ಬಾಗುತ್ತಿತ್ತು ಅಂತ ಈಗ ಗೊತ್ತಾಯ್ತು. ಸರ್, ಎಸ್‌ಡಿಎಸ್ ಎಷ್ಟು ಹಾಕಬೇಕು? ಧನ ಚಾರ್ಜಿನ ಮೈಸೆಲ್ ಕಟ್ಟುವ ಸಿಟಿಎಬಿ ಹಾಕಿದರೆ ಲಾಗ್ ಕೆ ಏರುತ್ತದಾ?

ಹಳೇ_ಬ್ಯೂರೆಟ್
ಬರೀ ನೀರಲ್ಲಿ ಎಸ್‌ಡಿಎಸ್ ಮೈಸೆಲ್ ಕಟ್ಟುವುದು ಸುಮಾರು 8 ಮಿಲಿಮೋಲಾರ್‌ನಿಂದ. 0.1 ಮೋಲಾರ್ ಉಪ್ಪು ಇದ್ದರೆ 1.5ರ ಹತ್ತಿರಕ್ಕೇ ಇಳಿಯುತ್ತದೆ. ಅದಕ್ಕಿಂತ ಕಡಿಮೆ ಒಂದು, ಜಾಸ್ತಿ ಎರಡು ಮೂರು ಅಳತೆ ತಗೊಳ್ಳಿ. ಆದರೆ ಉಪ್ಪು ಹೆಚ್ಚಾದಷ್ಟೂ ಸೋಡಿಯಂ ಮೈಸೆಲ್ ಮೇಲಿನ ಜಾಗಕ್ಕೆ ತಾಮ್ರದ ಜೊತೆ ಪೈಪೋಟಿ ಮಾಡುತ್ತದೆ, ನಿಮಗೆ ಕಾಣುವ ವ್ಯತ್ಯಾಸ ಸಣ್ಣದಾಗುತ್ತದೆ.

ಸಿಟಿಎಬಿಯಲ್ಲಿ ಗ್ಲೈಸಿನೇಟ್ ಮೈಸೆಲ್ ಕಡೆ, ತಾಮ್ರ ನೀರಿನ ಕಡೆ. ಅಲ್ಲೂ ಇಬ್ಬರೂ ದೂರ ದೂರವೇ, ಏರಲಿ ಅಂತ ಕಾಯಬೇಡಿ. ಚಾರ್ಜ್ ಇಲ್ಲದ ಟ್ರೈಟಾನ್ ಎಕ್ಸ್-100 ಜೊತೆಗೂ ಒಂದು ಸರಣಿ ಮಾಡಿ, ಚಾರ್ಜ್‌ನಿಂದ ಆಗಿದ್ದು ಎಷ್ಟು ಅಂತ ತಿಳಿಯುತ್ತದೆ. ನನ್ನನ್ನು ಕೇಳಿದರೆ ಇಡೀ ಪ್ರಾಜೆಕ್ಟ್‌ನಲ್ಲಿ ಮಜಾ ಇರುವುದೇ ಈ ಹೋಲಿಕೆಯಲ್ಲಿ.

ಲ್ಯಾಬ್_ಅಕ್ಕ
ಸಿಟಿಎಬಿ ಮಾಡುವುದಾದರೆ ನೀರಿನ ಬಾತ್ 30 ಡಿಗ್ರಿಗೆ ಇಡಿ. ಸುಮಾರು 25ರ ಕೆಳಗೆ ಅದು ಹರಳಾಗಿ ಬೀಳುತ್ತದೆ, ನಮ್ಮೂರ ಡಿಸೆಂಬರ್ ಬೆಳಿಗ್ಗೆ ಬಾಟಲಿ ತುಂಬಾ ಹರಳೇ.