ಗ್ರಾಫಿಕ್ ಡಿಸೈನ್ ಓದಿದವರು ಅನುಭವ ಹೇಳುತ್ತೀರಾ?

ಮುಂದಿನ ವರ್ಷ ಗ್ರಾಫಿಕ್ ಡಿಸೈನ್ ಪದವಿಗೆ ಸೇರಬೇಕು ಅಂತಿದ್ದೇನೆ. ಫೋಟೋಶಾಪ್ ಚೆನ್ನಾಗಿ ಗೊತ್ತು, ಆದರೆ ಕೈಯಲ್ಲಿ ಚಿತ್ರ ಬಿಡಿಸಲು ಅಷ್ಟಾಗಿ ಬರುವುದಿಲ್ಲ. ತೊಂದರೆ ಆಗುತ್ತಾ? ಸೇರುವ ಮುಂಚೆ ಏನು ಕಲಿತಿರಬೇಕು?

*

ನಾನೂ ಇದೇ ಹೆದರಿಕೆ ಇಟ್ಟುಕೊಂಡು ಸೇರಿದವಳು. ಚಿತ್ರ ಸುಂದರವಾಗಿರಬೇಕು ಅಂತ ಯಾರೂ ಕೇಳಲಿಲ್ಲ. ತಲೆಯಲ್ಲಿರುವುದು ಬೇಗ ಕಾಗದಕ್ಕೆ ಇಳಿಯಬೇಕು, ಅಷ್ಟೇ. ಮೊದಲ ಸೆಮಿಸ್ಟರಿನಲ್ಲಿ ಒಂದು ಲೋಗೋಗೆ 50 ಪುಟ್ಟ ಸ್ಕೆಚ್ ಮಾಡಿ ತರಲು ಹೇಳಿದ್ದರು. ನಾನು ಎಂಟೇ ಎಂಟು ಮಾಡಿ, ಇಷ್ಟವಾದ ಒಂದನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಒಯ್ದೆ. ಮೇಷ್ಟ್ರು ಆ ಪ್ರಿಂಟನ್ನು ಪಕ್ಕಕ್ಕಿಟ್ಟು, ಉಳಿದ ಏಳನ್ನು ನೋಡುತ್ತಾ ಕೂತರು. ಮೊದಲ ಹತ್ತು ಹದಿನೈದು ಎಲ್ಲರಿಗೂ ಹೊಳೆಯುವಂಥವೇ. ಮೂವತ್ತು ದಾಟಿದ ಮೇಲೆ ನಮ್ಮದು ಅನ್ನುವಂಥದ್ದು ಬರುತ್ತದೆ. ಇದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಇನ್ನು ಕ್ರಿಟಿಕ್. ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರೆದುರೇ ಮಾತಾಡುತ್ತಾರೆ. "ಈ ಕೆಂಪು ಯಾಕೆ?" ಅಂದಾಗ "ಚೆನ್ನಾಗಿ ಕಾಣುತ್ತೆ" ಅಂದರೆ ಸಾಲದು. ಮೊದಲ ಸಲ ಅಳುವೇ ಬಂತು. ಆಮೇಲೆ ಯಾರು ಏನಂದರೂ ತಕ್ಷಣ ಉತ್ತರ ಕೊಡದೆ ಸುಮ್ನೆ ಬರೆದುಕೊಳ್ಳತೊಡಗಿದೆ. ಮಾರನೇ ದಿನ ಓದಿದರೆ ಅರ್ಧಕ್ಕರ್ಧ ಸರಿ ಅನಿಸುತ್ತಿತ್ತು.

*

ನಾನು ಪ್ರಿಂಟ್ ಬಗ್ಗೆ ಹೇಳುತ್ತೇನೆ, ಪೆಟ್ಟು ತಿಂದು ಕಲಿತದ್ದು. ಪರದೆ ಮೇಲೆ ಹೊಳೆಯುತ್ತಿದ್ದ ನೀಲಿ ಪೋಸ್ಟರಿನಲ್ಲಿ ಮಂಕಾಗಿ ನೇರಳೆಗೆ ತಿರುಗಿತ್ತು. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರೆಸ್ಸು ನಾಲ್ಕು ಇಂಕಿನಿಂದ. ಆರ್‌ಜಿಬಿಯ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ) ಕೆಲವು ಬಣ್ಣ ಸಿಎಂವೈಕೆಯಲ್ಲಿ (ಪ್ರೆಸ್ಸಿನ ಆ ನಾಲ್ಕು ಇಂಕಿನಲ್ಲಿ) ಸಿಗುವುದೇ ಇಲ್ಲ. ಬ್ಲೀಡ್ ಕೂಡ ಬಿಟ್ಟಿರಲಿಲ್ಲ, ಅಂದರೆ ಕತ್ತರಿಸುವ ಗೆರೆಯಿಂದಾಚೆಗೂ ಬಣ್ಣ ಹರಡಿರಲಿಲ್ಲ. ಹಿನ್ನೆಲೆ ಬಣ್ಣ ಸುತ್ತಲೂ ಸಾಮಾನ್ಯವಾಗಿ 3 ಮಿ.ಮೀ. ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಕತ್ತರಿಸುವಾಗ ಚೂರು ಆಚೀಚೆ ಆದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಎರಡು ದಿನ ಮುಂಚೆಯೇ ಒಂದು ಪ್ರತಿ ತೆಗೆಸಿ ನೋಡಿ. ಸಲ್ಲಿಸುವ ದಿನ ಬೆಳಿಗ್ಗೆ ಮಾತ್ರ ಬೇಡ.

*

ಸೇರುವ ಮುಂಚೆ ಏನು ಅಂತ ಕೇಳಿದ್ದೀರಲ್ವಾ? ಅಕ್ಷರ ನೋಡುವುದನ್ನು ಕಲಿಯಿರಿ. ಸಾಫ್ಟ್‌ವೇರ್ ಹೇಗೂ ಬರುತ್ತದೆ, ದುಡ್ಡಿಲ್ಲದಿದ್ದರೆ ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಪುಟ ಜೋಡಿಸಲು ಸ್ಕ್ರೈಬಸ್ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನ ದೊಡ್ಡ ಎ, ವಿ ಪಕ್ಕಪಕ್ಕ ಬರೆಯಿರಿ. ಎರಡೂ ಓರೆ, ಹಾಗಾಗಿ ನಡುವೆ ಜಾಗ ಜಾಸ್ತಿ ಕಾಣುತ್ತದೆ. ಆ ಸಂದನ್ನು ಕಣ್ಣಿಗೆ ಒಪ್ಪುವಷ್ಟು ಸರಿಪಡಿಸುವುದೇ ಕರ್ನಿಂಗ್. ಒಂದು ಪದವನ್ನು ದೊಡ್ಡದಾಗಿ ಬರೆದು, ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಟೇಬಲ್ ಮೇಲೆ ಜೋಡಿಸಿ. ಆಮೇಲೆ ಎದುರು ಬದಿಗೆ ಹೋಗಿ ತಲೆಕೆಳಗಾಗಿ ನೋಡಿ. ಕಣ್ಣು ಪದ ಓದಲು ಹೋಗುವುದಿಲ್ಲ, ಸಂದುಗಳೇ ಎದ್ದು ಕಾಣುತ್ತವೆ.