ಡಯಾಲಿಸಿಸ್ ಶುರುವಾದ ಮೇಲೂ ಬೇಳೆ, ಮೊಟ್ಟೆ ಬಿಡಬೇಕಾ?

ಪ್ರಶ್ನೆ (ಹೊಸನಗರದಿಂದ): ಮೇಡಂ, ನಮ್ಮ ಮಾವನವರಿಗೆ 64 ವರ್ಷ, ತೂಕ 50 ಕೆಜಿ. ಕಿಡ್ನಿ ತೊಂದರೆ ಅಂತ ಎರಡು ವರ್ಷದಿಂದ ಬೇಳೆ, ಮೊಟ್ಟೆ, ಮೀನು ಕಮ್ಮಿ ಮಾಡಿದ್ದೆವು. ಹೋದ ತಿಂಗಳಿಂದ ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಈಗಲೂ ಅದೇ ಪಥ್ಯ, ಗಂಜಿ ಮತ್ತು ತಿಳಿಸಾರು. ಕೈಕಾಲು ಕಡ್ಡಿಯಾಗಿವೆ. ನಾವೇ ತಪ್ಪು ಮಾಡ್ತಿದ್ದೀವಾ?

ಉತ್ತರ (ಆಹಾರ ತಜ್ಞೆ): ತಪ್ಪು ನಿಮ್ಮದಲ್ಲಮ್ಮ. ಆಗ ಆ ಪಥ್ಯ ಸರಿಯೇ ಇತ್ತು. ಈಗ ಲೆಕ್ಕ ತಿರುಗಿದೆ, ಅದನ್ನು ಯಾರಾದರೂ ನಿಮಗೆ ಕೂರಿಸಿ ಹೇಳಬೇಕಿತ್ತು.

ಮೊದಲು ಪ್ರೋಟೀನಿನ ಕಸ ಹೊರಹಾಕುವುದು ಸೋತ ಕಿಡ್ನಿಗೆ ಭಾರವಾಗುತ್ತಿತ್ತು. ಈಗ ಆ ಕಸವನ್ನು ಮೆಷಿನ್ ತೆಗೆಯುತ್ತದೆ. ಆದರೆ ಪ್ರತಿ ಸಲವೂ ಅದರ ಜೊತೆ ಒಂದಷ್ಟು ಅಮೈನೋ ಆಮ್ಲವೂ ಸೋರಿಹೋಗುತ್ತದೆ. ಅಂದರೆ ಪ್ರೋಟೀನೇ ಹೋದ ಹಾಗೆ. ಅದನ್ನು ತುಂಬಿಕೊಡದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಈ ಹಂತದಲ್ಲಿ ಒಂದು ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮಾವನವರಿಗೆ ದಿನಕ್ಕೆ 50–60 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಗಂಜಿ ಎಲ್ಲಿ ಸಾಕಾಗುತ್ತೆ ಹೇಳಿ? ಮೊಟ್ಟೆಯ ಬಿಳಿ, ಹಸಿ ಮೀನು, ಕೋಳಿ ಮತ್ತೆ ತಟ್ಟೆಗೆ ಬರಲಿ. ಬೇಳೆ ಒಂದು ಸಣ್ಣ ಬಟ್ಟಲು ಸಾಕು. ಒಣಮೀನು ಬೇಡ, ಬರೀ ಉಪ್ಪು. ಅಕ್ಕಿರೊಟ್ಟಿ, ಕಡುಬು ಹೊಟ್ಟೆ ತುಂಬ ತಿನ್ನಲಿ. ಶಕ್ತಿಗೆ ಅನ್ನ ಸಾಲದಿದ್ದರೆ ತಿಂದ ಪ್ರೋಟೀನ್ ಅದಕ್ಕೇ ಖರ್ಚಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ತಿಳಿಸಿ, ಅಳತೆ ಬೇರೆ ಹೇಳುತ್ತೇನೆ.

ತರಕಾರಿ, ಹಣ್ಣಿನಲ್ಲಿರುವ ಪೊಟ್ಯಾಶಿಯಂ ಅನ್ನುವ ಲವಣದ ವಿಷಯದಲ್ಲಿ ಮಾತ್ರ ಈಗಲೂ ಹುಷಾರು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕಳಲೆ ನೆನೆಹಾಕಿ ನೀರು ಚೆಲ್ಲುತ್ತೀರಲ್ಲ, ತರಕಾರಿಗೂ ಅದೇ ದಾರಿ. ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಬಸಿಯಿರಿ. ಬಸಿದ ಕಟ್ಟಿನಲ್ಲಿ ಸಾರು ಮಾಡಬೇಡಿ. ಹಿತ್ತಲಲ್ಲಿ ದಾರೆಹುಳಿ ಇದ್ದರೆ ಒಂದು ಚೂರೂ ಕೊಡಬೇಡಿ. ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತಲ್ಲ, ಆ ಹಣ್ಣು. ಕಿಡ್ನಿ ಸೋತವರಿಗೆ ಅದರಿಂದ ಬಿಕ್ಕಳಿಕೆ ಶುರುವಾಗಿ ಫಿಟ್ಸ್ ತನಕ ಹೋಗಬಹುದು.

ಮರುಪ್ರಶ್ನೆ: ಸುಸ್ತು ಅಂದಾಗೆಲ್ಲ ಎಳನೀರು ಕೊಡ್ತಿದ್ದೀವಿ ಮೇಡಂ. ಬಿಪಿಗೆ ಅಂತ ಸೋಡಿಯಂ ಕಮ್ಮಿ ಇರುವ ಉಪ್ಪು ತಂದಿದ್ದೇವೆ.

ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ. ಎಳನೀರಿನ ತುಂಬ ಪೊಟ್ಯಾಶಿಯಂ. ಆ ಉಪ್ಪಿನಲ್ಲಿ ಸೋಡಿಯಂ ಬದಲು ಸೇರಿಸುವುದೂ ಅದನ್ನೇ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ, ಅಪ್ಪೆಮಿಡಿ ಉಪ್ಪಿನಕಾಯಿ ದೂರ ಇಡಿ. ರಕ್ತದಲ್ಲಿ ಪೊಟ್ಯಾಶಿಯಂ, ಫಾಸ್ಫರಸ್, ಆಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಡಾಕ್ಟರ ಹತ್ತಿರ ಕೇಳಿ. ಕಾಲಲ್ಲಿ ಬಲವೇ ಇಲ್ಲ, ಎದೆ ಡವಗುಟ್ಟುತ್ತೆ ಅಂದರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.